ತಣ್ಣೀರಿಗೇ ಬಿಟ್ಟ ಕಲೆ

ಅಂಗಡಿ ಬಾಗಿಲು ತೆಗೆದೊಡನೆ ಹೊಲಿಗೆ ಯಂತ್ರಕ್ಕೆ ಒಂದೇ ತೊಟ್ಟು ಎಣ್ಣೆ ಬಿಟ್ಟು, ಚಕ್ರದ ಮೇಲೆ ಕೈಯಿಟ್ಟು ಕ್ಷಣ ಕಣ್ಣು ಮುಚ್ಚಿ, ಬೆರಳನ್ನು ಬನಿಯನ್ನಿಗೆ ಒರೆಸಿಕೊಳ್ಳುವುದು: ಮೂವತ್ತು ವರ್ಷಗಳಲ್ಲಿ ದರ್ಜಿ ಇದನ್ನು ಒಂದು ದಿನವೂ ತಪ್ಪಿಸಿದವನಲ್ಲ. ಬಟ್ಟೆ ಕೇಳಿದವರಿಗೆಲ್ಲ ‘ನಾಳೆ’ ಎನ್ನುವುದೂ ತಪ್ಪಿದ್ದಿಲ್ಲ. ಅದಕ್ಕೇ ಗಿರಾಕಿಗಳಿಗೆ ಅವನು ನಾಳೆಮಾವ.

ಹೊಕ್ಕುಳ ನೇರಕ್ಕೆ ಬನಿಯನ್ನಿನ ಮೇಲೆ ಕಾಸಗಲದ ಕಲೆ ಕಾಣಿಸಿಕೊಂಡಾಗ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಎಣ್ಣೆ, ಇನ್ನೇನು! ಮೂತ್ರ ಎರಡು ಸಲ ಕೆಂಪಗೆ ಹೋಗಿದ್ದನ್ನು ಉಷ್ಣದ ತಲೆಗೆ ಕಟ್ಟಿ, ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ.

ಆದರೆ ಬನಿಯನ್ ಒಗೆಯುವವಳು ಅವಳು.

“ರೀ, ಇಲ್ನೋಡಿ. ಎಣ್ಣೆ ಕಲೆ ಬಿಸಿನೀರಲ್ಲಿ ತಿಕ್ಕಿದ್ರೂ ಜಪ್ಪಯ್ಯ ಅಂದ್ರೂ ಹೋಗಲ್ಲ. ಇದು ತಣ್ಣೀರಿಗೇ ಬಿಟ್ಕೊಳ್ತು.”

“ಒಳ್ಳೇದಾಯ್ತಲ್ಲ, ಸೋಪು ಉಳೀತು.”

“ಹುಡುಗಾಟ ಸಾಕು. ಅಂಗಿ ಎತ್ತಿ.”

ಹೊಕ್ಕುಳು ಒದ್ದೆಯಾಗಿತ್ತು. ಕೆಂಪು ಮೂತ್ರದ ಗುಟ್ಟೂ ಆಗಲೇ ಹೊರಬಿತ್ತು.

“ಆಸ್ಪತ್ರೆಗೆ ನಾಳೆ ಹೋಗೋಣ,” ಎಂದ.

“ನಿಮ್ಮ ನಾಳೆ ಗಿರಾಕಿಗಳಿಗೆ ಇರ್ಲಿ. ನಡೀರಿ!”

ಸ್ಕ್ಯಾನ್ ಆಯಿತು. ಮೂತ್ರದ ದಾರಿಯಲ್ಲಿ ಕ್ಯಾಮೆರಾ ಇಳಿಸಿ, ಚೂರು ತೆಗೆದು ಪರೀಕ್ಷಿಸಿದ್ದೂ ಆಯಿತು. ವರದಿ ಹಿಡಿದ ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು.

“ತಾಯಿ ಹೊಟ್ಟೇಲಿದ್ದಾಗ ಹೊಕ್ಕುಳಿಂದ ಮೂತ್ರಕೋಶಕ್ಕೆ ಒಂದು ನಾಳ ಇರುತ್ತೆ. ಆಮೇಲೆ ಅದು ಮುಚ್ಚಿ ದಾರದ ಥರ ಆಗುತ್ತೆ. ನಿಮಗೆ ಅದರಲ್ಲೇ ಕ್ಯಾನ್ಸರ್. ತುಂಬಾ ಅಪರೂಪ. ಬೇರೆ ಕಡೆ ಹರಡಿದ್ದು ಕಾಣ್ತಿಲ್ಲ.”

ಹೆಂಡತಿಯ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಅವಳು ದೇವರೊಡನೆ ಮಾತಾಡುತ್ತಿದ್ದಾಳೆಂದು ನಾಳೆಮಾವನಿಗೆ ಗೊತ್ತಿತ್ತು.

“ಅಂದ್ರೆ, ಕತ್ತರಿಸದೆ ಬಿಟ್ಟ ದಾರ,” ಎಂದ. “ಅರ್ಧ ತೆಗೆದ್ರೆ ಆಗಲ್ಲ ಡಾಕ್ಟರಮ್ಮ. ಎರಡೂ ತುದಿ ಸೇರಿಸಿ ತೆಗೀಬೇಕು.”

ಡಾಕ್ಟರಮ್ಮ ನಕ್ಕರು. “ನಾನು ಹೇಳಬೇಕಾದ್ದು ನೀವೇ ಹೇಳಿದ್ರಿ! ಹೊಕ್ಕುಳು, ಆ ದಾರ, ಮೂತ್ರಕೋಶದ ಮೇಲ್ತುದಿ, ಮೂರೂ ಒಂದೇ ತುಂಡಾಗಿ.”

ಹಾಗೇ ತೆಗೆದರು. ಅವನು ಮಲಗಿದ್ದಷ್ಟು ದಿನ ಯಂತ್ರಕ್ಕೆ ಎಣ್ಣೆ ಬಿಟ್ಟವಳು ಹೆಂಡತಿ. “ಮೂರು ತೊಟ್ಟು ಸುರಿದಿದ್ದಾಳೆ ಪುಣ್ಯಾತ್ಗಿತ್ತಿ!” ಎಂದು ಅಂಗಡಿಗೆ ಮರಳಿದ ದಿನ ಅವನು ಗೊಣಗಿದ್ದನ್ನು ಕೇಳಿ ಅವಳಿಗೆ ಹೋದ ಜೀವ ಬಂದಂತಾಯಿತು.

ಎರಡು ವರ್ಷದ ಸ್ಕ್ಯಾನೂ ಶುದ್ಧವಾಗಿ ಬಂದಾಗ ಡಾಕ್ಟರಮ್ಮ ಅವನಿಗಿಂತ ಹೆಚ್ಚು ಹಿಗ್ಗಿದರು.

“ಒಂದು ಹೊಸ ಹೊಕ್ಕುಳು ಮಾಡ್ಕೊಡಲಾ? ಚಿಕ್ಕ ಕೆಲಸ. ದುಡ್ಡೇನೂ ಬೇಡ.”

ನಾಳೆಮಾವ ಹೊಕ್ಕುಳಿಲ್ಲದ ಹೊಟ್ಟೆ ಸವರಿಕೊಂಡು ಹೆಂಡತಿಯತ್ತ ನೋಡಿದ.

“ಬೇಡ ಡಾಕ್ಟರಮ್ಮ. ಸ್ನಾನದಲ್ಲಿ ಕೈ ಇಲ್ಲಿಗೆ ಬಂದಾಗಲೆಲ್ಲ, ಇವಳ ಹತ್ರ ಏನಾದ್ರೂ ಮುಚ್ಚಿಟ್ಟಿದ್ದೀನಾ ಅಂತ ಕೇಳ್ಕೋತೀನಿ. ಅದು ಹೀಗೇ ಇರ್ಲಿ.”