ಮಳೆ ಫೈಲಿನ ಬೀಗ

ಸೋಮವಾರಪೇಟೆ ಸುತ್ತಿನ ಕಾಫಿ ತೋಟದವರಿಗೆ ಫೋನಿನಲ್ಲಿ ‘ಚೆನ್ನಾಗಿದ್ದೀರಾ’ ಎಂದು ಕೇಳುವ ಅಭ್ಯಾಸವೇ ಇಲ್ಲ. ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದೇ ಶುರು. ಇಂಚಿನ ನೂರರಲ್ಲೊಂದು ಪಾಲು ಸೆಂಟು. ಕಾಫಿ ಹೂವಾಗಲು ಬೇಕಾದ ಹೂಮಳೆ ಬೀಳುವ ಮಾರ್ಚಿನಲ್ಲಂತೂ ಈ ಜನಕ್ಕೆ ಹುಚ್ಚೇ ಹಿಡಿಯುತ್ತದೆ. ನಮ್ಮ ಮಾವ ಅದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಬೆಳಿಗ್ಗೆ ಅಂಗಳದ ರೇನ್‌ಗೇಜ್ ನೋಡಿ, ಅಂಕಿಯನ್ನು ಹಾಲ್‌ನಲ್ಲಿರುವ ಹಳೇ ಕಂಪ್ಯೂಟರಿಗೆ ಏರಿಸಿ, ತೋಟದವರ ವಾಟ್ಸಾಪ್ ಗ್ರೂಪಿಗೂ ಹಾಕಿದ ಮೇಲೇ ಅವರಿಗೆ ಕಾಫಿ ಇಳಿಯುವುದು.

ಆ ಮುದಿ ಯಂತ್ರಕ್ಕೆ ಲಿನಕ್ಸ್ ಹಾಕಿಕೊಟ್ಟವಳು ನಾನೇ, ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಸೊಸೆ. ಪಕ್ಕದ ತೋಟದ ಯಜಮಾನರು ಮಾವನ ಬಾಲ್ಯದ ಗೆಳೆಯರು. ಒಂದು ದಿನ ಬಂದು, “ನನ್ನ ಮಳೆ ಎಷ್ಟು ಅಂತ ಕೇಳ್ಕಂಡು ಆಮೇಲೆ ನಿಂದು ತಿದ್ತೀಯ ಕಣೋ ನೀನು” ಎಂದು ಕ್ಯಾತೆ ತೆಗೆದರು. ಇಬ್ಬರಿಗೂ ಮಾತು ಬಿಟ್ಟುಹೋಯಿತು. ತಲೆ ಕೆಟ್ಟು ನಾನು ಆ ಫೈಲಿಗೊಂದು ಬೀಗ ಜಡಿದೆ: chattr +a. ಇನ್ನು ಕೊನೆಗೆ ಹೊಸ ಸಾಲು ಸೇರಿಸಬಹುದು ಅಷ್ಟೇ. ಬರೆದದ್ದನ್ನು ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಬೀಗ ತೆಗೆಯುವ ಪಾಸ್‌ವರ್ಡಿನ ಮೊದಲರ್ಧ ಮಾವನದು, ಉಳಿದರ್ಧ ಗೆಳೆಯರದು. ಅವರಿಬ್ಬರೂ ಒತ್ತುವಾಗ ನಾನು ಗೋಡೆ ನೋಡುತ್ತ ನಿಂತಿರಬೇಕಾಯಿತು. ಆಮೇಲೇ ಇಬ್ಬರೂ ಮತ್ತೆ ಮಾತಾಡಿದ್ದು. ಎಂಥಾ ಜನರಪ್ಪಾ!

ಈ ಸಲ ಹೂಮಳೆಯ ಹೊತ್ತಿಗೇ ಮಾವನ ಎದೆ ಕೈಕೊಟ್ಟಿತು. ನನ್ನ ಗಂಡ ಅವರನ್ನು ಮೈಸೂರಿಗೆ ಕರೆದುಕೊಂಡು ಹೊರಟರು. ಬ್ಯಾಗು ಹಿಡಿದು ಕಾರಿನಲ್ಲಿ ಕೂತಿದ್ದ ಅತ್ತೆಗೆ ಮಾವ, “ನೀನೂ ಬಂದ್ರೆ ಮಳೆ ಅಳೆಯೋರ್ಯಾರು? ಇಳಿ” ಅಂದರು. ಅತ್ತೆ ಬ್ಯಾಗನ್ನು ಸೀಟಿನಲ್ಲಿಟ್ಟು ಇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆಪರೇಷನ್ ಮುಗಿದು ಮಾವ ವಾಪಸು ಬರುವ ದಿನ ಅತ್ತೆ ಸೆರಗು ತಿರುವುತ್ತ ನನ್ನ ಹತ್ತಿರ ಬಂದರು.

“ಮಗಾ, ಮಳೆ ಫೈಲಲ್ಲಿ ಒಂದು ಸಾಲು ಅಳಿಸ್ಕೊಡ್ತೀಯಾ? ಅವ್ರು ಬರೋದ್ರೊಳಗೆ.”

ಮಾವ ಹೋದಾಗಿನಿಂದ ಅತ್ತೆಯೇ ಅಂಕಿ ಏರಿಸುತ್ತಿದ್ದ ಆ ಫೈಲನ್ನು ತೆಗೆದು ನೋಡಿದೆ. ಆಪರೇಷನ್ ನಡೆದ ದಿನದ ಎದುರು ಅಂಕಿ ಇರಬೇಕಾದ ಕಡೆ ಹೀಗಿತ್ತು: ‘ಮಳೆ ಇಲ್ಲ. ನೀವೂ ಇಲ್ಲ. ಮನೆ ಬಿಕೋ ಅಂತದೆ. ಬೇಗ ಬನ್ನಿ.’

“ಏನೋ ಕೈ ಹಂಗೇ ಹೋಯ್ತು ಕಣೇ. ಅವ್ರು ಇದ್ನ ಹಂಗಂಗೇ ಗ್ರೂಪಿಗೆ ಹಾಕ್ತಾರೆ. ಊರೋರೆಲ್ಲ ಓದಿದ್ರೆ ಈ ವಯಸ್ನಲ್ಲಿ ನನ್ನ ಮಾನ ಏನಾಗ್ಬೇಕು?”

ಗಂಡನ ಎದುರು ‘ಬೇಗ ಬನ್ನಿ’ ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ ನಮ್ಮ ಅತ್ತೆ. ನನ್ನ ಕಣ್ಣು ತುಂಬಿಬಂತು. ಅಳಿಸಲು ಹೋದರೆ ನಾನೇ ಹಾಕಿದ ಬೀಗ ನನ್ನನ್ನೇ ತಡೆಯಿತು. ಬೇರೆ ದಾರಿಯಿಲ್ಲದೆ ಪಕ್ಕದ ಯಜಮಾನರಿಗೆ ಫೋನ್ ಮಾಡಿದೆ.

ಅವರು ಬಂದು ಸಾಲನ್ನು ಓದಿದರು. ಇನ್ನು ಅತ್ತೆಯನ್ನು ರೇಗಿಸಿ ಜೀವ ಹಿಂಡುತ್ತಾರೆ ಅಂದುಕೊಂಡೆ. ಊಹೂಂ. ಕನ್ನಡಕ ತೆಗೆದು ಒರೆಸಿಕೊಂಡು, “ಅವ್ನೂ ಬರ್ಲಿ ತಾಯಿ, ಅವ್ನ ಅರ್ಧ ಪಾಸ್‌ವರ್ಡೂ ಬೇಕಲ್ಲ” ಎಂದು ಕುರ್ಚಿ ಎಳೆದು ಕೂತರು. ಅಷ್ಟರಲ್ಲಿ ಕಾರು ಬಂದೇಬಿಟ್ಟಿತು.

ಮಾವ ನನ್ನ ಗಂಡನ ಹೆಗಲು ಹಿಡಿದು ನೇರವಾಗಿ ಕಂಪ್ಯೂಟರಿನ ಹತ್ತಿರವೇ ಬಂದರು. ಅತ್ತೆ ಪರದೆಗೆ ಅಡ್ಡ ನಿಂತರು. ಒಂದು ಸಾಲು ತೆಗೆಯಬೇಕಾಗಿದೆ, ಬೀಗ ಬಿಚ್ಚಬೇಕು ಅಂದೆ.

“ಅಳತೆ ತಪ್ಪಾಯ್ತಾ?” ಮಾವನ ಮುಖ ಬಿಗಿಯಿತು.

“ಅಳತೆ ಸರಿಯಾಗೇ ಅದೆ. ಮೊದ್ಲು ಓದು” ಅಂದರು ಗೆಳೆಯರು.

ಮಾವ ಅತ್ತೆಯನ್ನು ಪಕ್ಕಕ್ಕೆ ಸರಿಸಿ ಓದಿದರು. ಬಹಳ ಹೊತ್ತು ಓದಿದರು, ಇರುವುದು ಒಂದೇ ಸಾಲಾದರೂ. ಆಮೇಲೆ ತಮ್ಮ ಅರ್ಧ ಒತ್ತಿದರು. ಗೆಳೆಯರು ತಮ್ಮದನ್ನು ಒತ್ತಿದರು. ನಾನು chattr -a ಕೊಟ್ಟೆ. ಬೀಗ ಬಿಟ್ಟಿತು.

“ಅಳಿಸು ಮಗಾ, ಬೇಗ” ಎಂದು ಅತ್ತೆ ಅವಸರ ಮಾಡಿದರು.

ಮಾವ ಕೀಬೋರ್ಡಿಗೆ ಕೈ ಅಡ್ಡ ಇಟ್ಟರು. “ಇದಕ್ಕಿಂತ ಗಟ್ಟಿ ಬೀಗ ಇಲ್ವಾ?”

“ಇದೆ ಮಾವ. ಅದನ್ನ ಹಾಕಿದ್ರೆ ಅಳಿಸೋದಿರಲಿ, ಹೊಸ ಸಾಲು ಸೇರ್ಸೋಕೂ ಆಗಲ್ಲ.”

“ಹಾಕು. ನಾಳಿಂದ ಬೇರೆ ಫೈಲು ಮಾಡಿದ್ರಾಯ್ತು.”

ಹಾಕಿದೆ. ಅತ್ತೆ ಕೆಂಪಗಾಗಿ, “ಥೂ, ನಾಚ್ಕೆ ಆಗಲ್ವಾ ನಿಮ್ಗೆ?” ಅಂದರು.

“ಆಯ್ತದೆ. ಗ್ರೂಪಿಗೆ ಬರೀ ಅಂಕಿ ಹಾಕ್ತೀನಿ, ಹೆದರ್ಬೇಡ. ಇದು ಇಲ್ಲೇ ಇರ್ಲಿ” ಅಂದರು ಮಾವ. “ಇಷ್ಟು ವರ್ಷದಲ್ಲಿ ನೀನು ನಂಗೆ ಅಂತ ಬರ್ದಿರೋದು ಇದೊಂದೇ ಕಣೇ.”