ಚಪಾತಿ ಇಟ್ಟ ಎಲೆ

ಬೈರಾಪಟ್ಟಣದ ನಮ್ಮ ಮನೆಯಲ್ಲಿ ಪಿತೃಪಕ್ಷಕ್ಕೆ ಸತ್ತ ಹಿರಿಯರಿಗೆ ಎಡೆ ಇಡುವಾಗ ಒಂದು ಎಲೆ ಹೆಚ್ಚಿಗೆ ಬೀಳುತ್ತಿತ್ತು. ಮುತ್ತಾತ, ತಾತ, ಅಜ್ಜಿ ಎಲ್ಲರಿಗೂ ಮುದ್ದೆ, ಬಾಡಿನ ಸಾರು, ವಡೆ. ತಾತನಿಗೆ ಒಂದು ಕಟ್ಟು ಬೀಡಿ ಬೇರೆ. ಸಾಲಿನ ಕೊನೆಯ ಎಲೆಗೆ ಮಾತ್ರ ಚಪಾತಿ, ಆಲೂಗಡ್ಡೆ ಪಲ್ಯ. ಅದು ಕಾರ್ಗಿಲ್‌ನಲ್ಲಿ ಚಿಕ್ಕಪ್ಪನ ಜೊತೆಗಿದ್ದು ಅಲ್ಲೇ ಸತ್ತ, ಉತ್ತರದ ಕಡೆಯ ಸೈನಿಕನಿಗೆ. ಚಪಾತಿಯನ್ನು ಚಿಕ್ಕಪ್ಪನೇ ಲಟ್ಟಿಸುತ್ತಿದ್ದರು. ಒಂದೂ ದುಂಡಗಿರುತ್ತಿರಲಿಲ್ಲ.

"ನಮ್ಮ ವಂಶದೋರ ಸಾಲಲ್ಲಿ ಇವನ್ಯಾರ್ಲಾ?" ಎಂದು ಅಪ್ಪ ಪ್ರತಿ ವರ್ಷ ತಮ್ಮನನ್ನು ರೇಗಿಸುತ್ತಿದ್ದರು. ಚಿಕ್ಕಪ್ಪ ತಮ್ಮ ಪಾಡಿಗೆ ಚಪಾತಿ ಲಟ್ಟಿಸುತ್ತಿದ್ದರು. ಸೇನೆಯಿಂದ ಬಂದವರು ಮದುವೆಯಾಗಲಿಲ್ಲ, ಹಾರೋಹಳ್ಳಿಯ ಫ್ಯಾಕ್ಟರಿಯೊಂದರ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರು. ಯುಗಾದಿಗೂ ರಜೆ ಹಾಕದವರು ಈ ಒಂದು ದಿನ ಮಾತ್ರ ಊರಿಗೆ ಬರುವುದು ತಪ್ಪಿಸುತ್ತಿರಲಿಲ್ಲ.

ಧೂಪ ಹಾಕಿದ ಮೇಲೆ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ನಾವೆಲ್ಲ ಜಗಲಿಗೆ ಬರುತ್ತೇವೆ. ಚಿಕ್ಕಪ್ಪ ಮಾತ್ರ ಒಳಗೇ ಉಳಿಯುತ್ತಿದ್ದರು. ಯಾಕೆಂದು ಒಮ್ಮೆ ಕೇಳಿದೆ.

"ಅವ್ನಿಗೆ ನಮ್ ಮಾತು ಬರಾಕಿಲ್ಲ ಕಣ್ಮಗಾ. ಅಷ್ಟು ಜನದ ಮಧ್ಯೆ ಒಬ್ನೇ ಕುಂತ್ಕಬೇಕಾಯ್ತದೆ."

ನಾನು ನಕ್ಕುಬಿಟ್ಟೆ. ನನ್ನ ನಗುವಿಗೆ ಬೆಂಕಿ ಹಾಕ.

ಚಿಕ್ಕಪ್ಪ ಕಾಲು ಮುರಿದುಕೊಂಡು ರಾಮನಗರದ ಆಸ್ಪತ್ರೆಯಲ್ಲಿ ಮಲಗಿದ್ದ ವರ್ಷ ಆ ಎಲೆ ನನ್ನ ಪಾಲಿಗೆ ಬಂತು. ಹಬ್ಬದ ಗಡಿಬಿಡಿಯಲ್ಲಿ ಚಪಾತಿ ಯಾರು ಲಟ್ಟಿಸುತ್ತಾರೆ ಎಂದುಕೊಂಡು ಎಲ್ಲ ಎಲೆಗೂ ಬಾಡಿನ ಸಾರೇ ಬಡಿಸಿದೆ. ಸಂಜೆ ಆಸ್ಪತ್ರೆಗೆ ಹೋಗಿ, "ನಿನ್ ದೋಸ್ತ್‌ಗೂ ಎಡೆ ಇಕ್ದೆ ಚಿಕ್ಕಪ್ಪ, ಬಾಡೇ ಬಡಿಸ್ದೆ" ಎಂದು ದೊಡ್ಡ ಉಪಕಾರ ಮಾಡಿದಂತೆ ಹೇಳಿದೆ.

ಅವರು ದಿಂಬಿಗೆ ಒರಗಿ ಎದ್ದು ಕೂತರು.

"ಅವ್ನು ಬಾಡು ಮುಟ್ತಿರ್ಲಿಲ್ಲ. ಬೆಟ್ಟದ ಮ್ಯಾಲೆ ಎರಡು ದಿನ ಊಟ ಬರ್ಲಿಲ್ಲ. ಇದ್ದದ್ದು ಒಂದೇ ಡಬ್ಬಿ, ಮಾಂಸದ್ದು. ತನ್ನ ಪಾಲ್ನೂ ನನ್ ಕಡೀಕೆ ತಳ್ಬುಟ್ಟ. ತಿಂದೆ ಕಣ್ಮಗಾ, ಬ್ಯಾಡ ಅಂತ ಒಂದ್ ಸಲಾನೂ ಅನ್ಲಿಲ್ಲ. ಬೆಳಿಗ್ಗೆ ಹಸ್ಕೊಂಡೇ ಹತ್ತಿದ, ಹಸ್ಕೊಂಡೇ ಹೋಗ್ಬುಟ್ಟ."

ಆಮೇಲೆ ಗೋಡೆಯ ಕಡೆ ತಿರುಗಿ, "ಈ ವರ್ಷಾನೂ ಹಸ್ಕೊಂಡೇ ಹೋದ್ನೇನೋ" ಅಂದರು.

ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಅವರ ಕಾಲು ಸರಿಹೋದ ಮೇಲೂ ಅನ್ನಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಅವರೂ ಹೋಗಿಬಿಟ್ಟರು.

ಅವರು ತೀರಿಕೊಂಡು ವರ್ಷ ತುಂಬಿದ ಮೇಲೆ ಮೊದಲ ಪಿತೃಪಕ್ಷ ಈ ಸಲ ಬಂತು. "ಅವ್ನೇ ಇಲ್ದ ಮ್ಯಾಲೆ ಆ ಎಲೆ ಯಾಕೆ?" ಎಂದರು ಅಪ್ಪ. ರೇಗಿಸುವ ದನಿ ಇರಲಿಲ್ಲ. ಅಷ್ಟರಲ್ಲಿ ನಾನು ಗೋಧಿ ಹಿಟ್ಟು ಕಲಸಿಟ್ಟಿದ್ದೆ. ನನ್ನ ಚಪಾತಿಯೂ ದುಂಡಗೆ ಬರಲಿಲ್ಲ. ಚಿಕ್ಕಪ್ಪನ ಎಲೆಯನ್ನು ಆ ಕೊನೆಯ ಎಲೆಯ ಪಕ್ಕಕ್ಕೇ ಹಾಕಿದೆ.

ಎಲ್ಲರೂ ಹೊರಗೆ ಹೋದರು. ಜೊತೆಗೆ ಕೂರಬೇಕೆಂದೇ ನಾನು ಒಳಗೆ ಉಳಿದೆ. ನನ್ನ ಹಿಂದಿ ಅಷ್ಟಕ್ಕಷ್ಟೇ. ಸ್ವಲ್ಪ ಹೊತ್ತಿಗೆ, ಇನ್ನು ನಾನು ಕೂರಬೇಕಾಗಿಲ್ಲ ಅನ್ನಿಸಿತು. ಅವನ ಮಾತು ಬಲ್ಲವರು ಪಕ್ಕದ ಎಲೆಗೇ ಬಂದಿದ್ದಾರಲ್ಲ. ಎದ್ದು ಎರಡೂ ಎಲೆಗೆ ಕೈಮುಗಿದು, "ತಪ್ಪಾಯ್ತು" ಅಂದೆ. ಕನ್ನಡದಲ್ಲೇ ಅಂದೆ. ಅವನಿಗೆ ಚಿಕ್ಕಪ್ಪ ತಿಳಿಸಿ ಹೇಳುತ್ತಾರೆ.

ಬಾಗಿಲು ಎಳೆದುಕೊಂಡು ಜಗಲಿಗೆ ಬಂದೆ. ಮನೆಯವರೆಲ್ಲ ಅಲ್ಲಿದ್ದರು. ಇದನ್ನು ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ.