ಸಂಜೆ ಏಳರ ವೈಫೈ

ಸೋತ ವಾದಗಳನ್ನು ನಾನು ಬೇಗ ಮರೆಯುತ್ತೇನೆ. ಗೆದ್ದವುಗಳಲ್ಲಿ ಒಂದನ್ನು ಮಾತ್ರ ಮರೆಯಲಾಗುತ್ತಿಲ್ಲ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಇಂಟರ್ನೆಟ್ಟು ಬೆಳಿಗ್ಗೆ ಹತ್ತಕ್ಕೆ ಓಡುತ್ತದೆ, ಸಂಜೆ ಏಳಕ್ಕೆ ತೆವಳುತ್ತದೆ. ನಾನು ಚಳ್ಳಕೆರೆಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವಳು. ಕಾರಣ ಕೇಳದೆ ಸುಮ್ಮನಿರುವುದು ನನ್ನ ಜಾಯಮಾನವಲ್ಲ. ರೂಟರನ್ನು ಆರಿಸಿ ಹಚ್ಚಿದೆ. ಅಕ್ಕಿ ಡಬ್ಬದ ಮರೆಯಿಂದೆತ್ತಿ ಕಿಟಕಿಯ ಮೇಲಿಟ್ಟೆ. ಗಂಟೆಗೊಮ್ಮೆ ವೇಗ ಅಳೆದು ನೋಟ್‌ಬುಕ್ಕಿನಲ್ಲಿ ಬರೆದೆ. ಕೊನೆಗೆ ಕೇಬಲ್ ತಿಪ್ಪೇಸ್ವಾಮಣ್ಣನನ್ನು ಕರೆಸಿದೆ. ಅವರು ಏಣಿ ಹತ್ತಿ, ವೈರು ನೋಡಿ, ಇಳಿದು ಬಂದರು.

"ಲೈನು ಸರಿ ಐತಮ್ಮ. ಸಂಜೆ ಹೊತ್ತು ಎಲ್ಲಾರೂ ಒಟ್ಟಿಗೆ ಎಳೀತಾರೆ, ಅದ್ಕೇ ಸಣ್ಣಗೆ ಬರ್ತೈತೆ. ಮೊದ್ಲು ನಿಮ್ಮನೇದ್ರಾಗೆ ಎಷ್ಟು ಫೋನು ಹತ್ಕೊಂಡವೆ ನೋಡು."

"ಎರಡೇ. ಅವ್ವಂದು, ನಂದು. ಎಲ್ಲಾರೂ ಅಂದ್ರೆ ಯಾರು? ಪುರಾವೆ ಐತಾ?"

"ಪುರಾವೆ ಎಲ್ಲಿಂದ ತರ್ಲಿ ತಾಯೀ? ನಾನೇನು ಕೋರ್ಟಿಗೆ ಬಂದೀನಾ?"

"ಹಂಗಾದ್ರೆ ನೀವು ಹೇಳಿದ್ದು ಸುಳ್ಳು ಅಂತಾಯ್ತು," ಎಂದು ನೋಟ್‌ಬುಕ್ ಎತ್ತಿ ತೋರಿಸಿದೆ. ಜಗಲಿಯ ಮೇಲೆ ಕೂತಿದ್ದ ನೆರೆಹೊರೆಯವರೆಲ್ಲ ನಕ್ಕರು. ನಮ್ಮಪ್ಪನ ವಯಸ್ಸಿನ ಮನುಷ್ಯ ಏಣಿ ಹೆಗಲಿಗೇರಿಸಿಕೊಂಡು ಹೋದರು. ನಾನು ಗೆದ್ದಿದ್ದೆ.

ನಮ್ಮ ಹಳೆಯ ತಾರ್ಕಿಕರಲ್ಲಿ ಪೂರ್ವಪಕ್ಷ ಎಂಬ ಪದ್ಧತಿಯಿತ್ತು. ಎದುರಾಳಿಯ ಮಾತನ್ನು ಮೊದಲು ನಾವೇ, ಅವನು ತಲೆದೂಗುವ ಹಾಗೆ, ಹೇಳಬೇಕು, ಖಂಡನೆ ಆಮೇಲೆ. ಇದರ ಮೇಲೆ ಹತ್ತು ನಿಮಿಷ ಭಾಷಣ ಮಾಡಿ ನಾನು ಬಹುಮಾನ ತಂದಿದ್ದೇನೆ. ತಿಪ್ಪೇಸ್ವಾಮಣ್ಣನಿಗೆ ಹತ್ತು ಸೆಕೆಂಡೂ ಕೊಟ್ಟಿರಲಿಲ್ಲ.

ಮರುದಿನ ಸಂಜೆ ಏಳಕ್ಕೆ, ಹಾಗೇ ಸುಮ್ಮನೆ, ರೂಟರಿಗೆ ಹತ್ತಿಕೊಂಡ ಫೋನುಗಳ ಪಟ್ಟಿ ತೆರೆದು ನೋಡಿದೆ. ಒಂಬತ್ತು ಫೋನು! ಕಳ್ಳರು ಎಂದುಕೊಂಡು ತಕ್ಷಣ ಪಾಸ್‌ವರ್ಡ್ ಬದಲಿಸಿದೆ. ನೆಟ್ಟು ಹುಲ್ಲುಗಾವಲಿನಲ್ಲಿ ಬಿಟ್ಟ ಹೋರಿಗರುವಿನಂತೆ ಓಡಿತು. ಅಷ್ಟರಲ್ಲಿ ಪಕ್ಕದ ಮನೆಯಿಂದ ಅವ್ವ ದಡಬಡ ಬಂದಳು.

"ಏನ್ ಮಾಡಿದ್ಯೇ? ಲಕ್ಷ್ಮಕ್ಕ ವಿಡಿಯೋದಾಗೆ ಸೀರೆ ತೋರಿಸ್ತಿದ್ಳು, ಫೋನು ನಡುವೇನೇ ನಿಂತೋತು!"

ಲಕ್ಷ್ಮಕ್ಕ ನೇಯುವವಳು. ಮಗ್ಗದ ಕೋಣೆಯಲ್ಲಿ ಟವರ್ ಸಿಗುವುದಿಲ್ಲ. ಅವಳ ಗಿರಾಕಿ ಅನಂತಪುರದ ಒಬ್ಬ ಟೀಚರು. ಬಿಡುವಾಗುವುದೇ ಏಳರ ಮೇಲೆ. ಲಕ್ಷ್ಮಕ್ಕ ಬೀದಿಗೆ ಹೋಗಿ ಕರೆ ಮಾಡಿದಾಗ, ನಾಳೆ ಇನ್ನೊಂದು ಸಲ ನೋಡುತ್ತೇನೆ, ಸರಿಯಾಗಿ ಕಾಣಿಸದಿದ್ದರೆ ಬೇರೆ ಕಡೆ ಕೊಳ್ಳುತ್ತೇನೆ ಎಂದರಂತೆ.

"ಪಾಸ್‌ವರ್ಡ್ ಕೊಟ್ಟಿದ್ ಯಾರು?"

"ನಾನೇ. ಹೆಪ್ಪು ಕೇಳಿದ್ರೆ ಇಲ್ಲ ಅಂತೀವಾ? ಇದೂ ಹಂಗೇ ಅಂದ್ಕೊಂಡೆ."

ಒಂಬತ್ತರಲ್ಲಿ ನಮ್ಮವೆರಡು, ಮಿಕ್ಕವೆಲ್ಲ ಅವ್ವನ ಹೆಪ್ಪಿನ ಮನೆಗಳವು. ಹೆಪ್ಪು ಕೊಟ್ಟರೆ ನಮ್ಮ ಮೊಸರು ಕಡಿಮೆಯಾಗದು, ವೈಫೈ ಕಡಿಮೆಯಾಗುತ್ತದೆ ಎಂದು ಖಂಡಿಸಲು ಬಾಯಿ ತೆರೆದೆ. ಏಣಿ ಹೊತ್ತು ಹೋಗುತ್ತಿದ್ದ ಬೆನ್ನು ಕಣ್ಣಿಗೆ ಬಂತು. ಬಾಯಿ ಮುಚ್ಚಿದೆ.

ಮರುದಿನ ಸಂಜೆ ನಾನೇ ಹೊಸ ಪಾಸ್‌ವರ್ಡ್ ಹಿಡಿದು ಲಕ್ಷ್ಮಕ್ಕನ ಮನೆಗೆ ಹೋದೆ. ಮಿಕ್ಕ ಹೆಪ್ಪಿನ ಮನೆಗಳಿಗೆ ಅವ್ವ ಅದನ್ನು ಆಗಲೇ ಹಂಚಿದ್ದಳು. ಅವಳು ಬೈದಿದ್ದರೆ ಹಗುರವಾಗುತ್ತಿತ್ತು. "ಬಂದಿದ್ದು ಒಳ್ಳೇದಾತು, ನಿಂತ್ಕ," ಎಂದು ನನ್ನ ಹೆಗಲಿಗೆ ಹೊಸ ಸೀರೆಯ ಸೆರಗು ಹೊದಿಸಿ ಫೋನಿನ ಮುಂದೆ ನಿಲ್ಲಿಸಿದಳು. ಅವಳೂ ಟೀಚರೂ ತೆಲುಗಿನಲ್ಲಿ ಮಾತಾಡಿದರು. ನಾನು ಗೊಂಬೆಯಂತೆ ನಿಂತಿದ್ದೆ. ಸೆರಗಿನ ನವಿಲು ತೋರಿಸುವಾಗ ಚಿತ್ರ ನಿಂತುಬಿಟ್ಟಿತು.

"ಯಾಕಮ್ಮಿ ಹಿಂಗಾಗ್ತೈತೆ?" ಲಕ್ಷ್ಮಕ್ಕನ ಮುಖ ಸಣ್ಣಗಾಯಿತು.

"ಸಂಜೆ ಹೊತ್ತು ಎಲ್ಲಾರೂ ಒಟ್ಟಿಗೆ ಎಳೀತಾರಕ್ಕ, ಅದ್ಕೇ ಸಣ್ಣಗೆ ಬರ್ತೈತೆ," ಎಂದೆ.

ಮನೆಗೆ ಓಡಿ, ನನ್ನ ಫೋನನ್ನೂ ಅವ್ವನದನ್ನೂ ವೈಫೈನಿಂದ ಬಿಡಿಸಿ ಬಂದೆ. ನವಿಲು ಅಲುಗಿತು. ಟೀಚರು ಆ ಸೀರೆ ತಮಗೇ ಎತ್ತಿಡಲು ಹೇಳಿದರು.

ನಾಳೆ ತಿಪ್ಪೇಸ್ವಾಮಣ್ಣನ ಅಂಗಡಿಗೆ ಹೋಗಬೇಕು, ಅಂಗಡಿ ಮುಂದೆ ಜನ ಇರುವ ಹೊತ್ತು ನೋಡಿಕೊಂಡು. ಈ ಸಲ ನೋಟ್‌ಬುಕ್ ಒಯ್ಯುವುದಿಲ್ಲ.